ಬಸ್ಸಿಲ್ಲದ ತಂಗುದಾಣದಲ್ಲಿ ಕೂತಿರುವ ಶಾಸಕಿಗೆ

ಫೆಬ್ರವರಿ ೩೦, ೨೧೯೧
ವಿಧಾನಸಭೆ, ಬೆಂಗಳೂರು

ಬಾಣಗೆರೆ ಕ್ಷೇತ್ರದ ಮಾನ್ಯ ಶಾಸಕರಾದ ಚಿಕ್ಕತಾಯಮ್ಮನವರಿಗೆ, ಅದೇ ಕ್ಷೇತ್ರದ ಈಗಿನ ಸದಸ್ಯ ಸಿದ್ದಮಾದು ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಅಚ್ಚಿನ ತಪ್ಪೆಂದು ತಿಳಿಯಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿ ಮೂವತ್ತು ಎಂದರೆ ಎಂದೂ ಆಗದ ಕೆಲಸಕ್ಕೆ ಕೊಡುವ ವಾಯಿದೆಯಾಗಿತ್ತಂತೆ. ಅಂಥ ಕೆಲಸಗಳು ವಿಪರೀತ ಸೇರಿಕೊಂಡದ್ದರಿಂದ ನಾವು ಜುಲೈಯಿಂದ ಒಂದು ದಿನ, ಆಗಸ್ಟಿನಿಂದ ಒಂದು ದಿನ ಕತ್ತರಿಸಿ ತಂದು ಆ ತಾರೀಖನ್ನೇ ಹುಟ್ಟಿಸಿಬಿಟ್ಟೆವು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಅದನ್ನೂ ಮನ್ನಿಸಿ. ಭಾಷೆ ಚಪ್ಪಲಿಯ ಹಾಗೆ. ಆರು ತಲೆಮಾರು ಮೆಟ್ಟಿ ನಡೆದ ಮೇಲೆ ಕಾಲಿನ ಆಕಾರಕ್ಕೆ ಬಂದಿರುತ್ತದೆ. ನಿಮ್ಮ ಕಾಲದ ಕನ್ನಡ ಕಲಿಯಲೆಂದು ಕಾಲೇಜಿನಲ್ಲಿ ಎರಡು ವರ್ಷ ನಿಮ್ಮವರ ಉದ್ಘಾಟನಾ ಭಾಷಣಗಳನ್ನೇ ಓದಿದ್ದೇನೆ. ಆದ್ದರಿಂದ ನಡುವೆ ಎಲ್ಲಾದರೂ ‘ಈ ಶುಭ ಸಂದರ್ಭದಲ್ಲಿ’ ಎಂದುಬಿಟ್ಟರೆ ತಪ್ಪು ನನ್ನದಲ್ಲ.

ಈ ಪತ್ರ ನಿಮ್ಮ ಕೈಗೆ ಕಡಲೆಕಾಯಿ ಪೊಟ್ಟಣವಾಗಿ ಯಾಕೆ ಬಂತು ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಕಾಲಟಪಾಲು ಎಂಬ ಸೌಕರ್ಯವಿದೆ. ಕಾಲದಲ್ಲಿ ಹಿಂದಕ್ಕೆ ಕಾಗದ ಕಳಿಸಬಹುದು, ಆದರೆ ಒಂದು ಷರತ್ತು: ಇನ್ನೇನು ಬಿಸಾಡಲಿರುವ ಹಾಳೆಯ ಮೇಲೆ ಮಾತ್ರ ಅಕ್ಷರ ಮೂಡುತ್ತದೆ. ಹಿಂದೆ ಎರಡು ಸಲ ಬೇರೆ ಕಾಗದಗಳನ್ನು ನಿಮ್ಮ ವಿಧಾನಸಭೆಯ ಸಮಿತಿ ವರದಿಯೊಂದರ ನಡುಪುಟಕ್ಕೆ ಕಳಿಸಿದ್ದೆವು. ಅದನ್ನು ಯಾರೂ ತೆರೆಯಲೇ ಇಲ್ಲ. ಮೂರನೆಯ ಸಲ ಬುದ್ಧಿ ಬಂತು. ಕಡಲೆಕಾಯಿ ಪೊಟ್ಟಣವನ್ನಾದರೆ ಶಾಸಕರೂ ಬಿಚ್ಚುತ್ತಾರೆ.

ಈಗ ನಿಮ್ಮಲ್ಲಿ ಹಗಲು ಹನ್ನೆರಡು ಗಂಟೆ ಹತ್ತು ನಿಮಿಷ. ಬಾಣಗೆರೆ ಕೆರೆಯ ಏರಿಯ ಪಕ್ಕ, ಬೆಳಿಗ್ಗೆ ಹತ್ತಕ್ಕೆ ನೀವೇ ಟೇಪು ಕತ್ತರಿಸಿ ಉದ್ಘಾಟಿಸಿದ ಬಸ್ ತಂಗುದಾಣದಲ್ಲಿ ಕೂತಿದ್ದೀರಿ. ತಲೆಯ ಮೇಲೆ ನಿಮ್ಮದೇ ಭಾವಚಿತ್ರ, ಕೂತಿರುವ ಬೆಂಚಿಗಿಂತ ಒಂದೂವರೆ ಅಡಿ ಉದ್ದ. ಕೊರಳಲ್ಲಿ ಇನ್ನೂ ಸುಗಂಧರಾಜದ ಹಾರ. ಪಕ್ಕದಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡ ದೊಡ್ಡಸಿದ್ದಮ್ಮ ಎಂಬ ಮುದುಕಿ. ಸಕ್ಕರೆ ಕಾಯಿಲೆಯ ಹುಣ್ಣು. ಊರಿನಿಂದ ಒಂಬತ್ತು ಕಿಲೋಮೀಟರ್ ದೂರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಹೊರರೋಗಿ ಚೀಟಿ ಕೊಡುವುದು ಒಂದು ಗಂಟೆಯವರೆಗೆ ಮಾತ್ರ. ಹಾರ ಹಾಕಿಸಿಕೊಂಡ ಉತ್ಸಾಹದಲ್ಲಿ ನೀವು, “ಇನ್ನು ಹತ್ತೇ ನಿಮಿಷ ಕಣಮ್ಮ, ಬಸ್ ಬತ್ತದೆ. ನಿನ್ನ ಹತ್ತಿಸಿಯೇ ನಾನು ಹೋಗೋದು” ಎಂದು ಮೈಕಿನಲ್ಲಿ ಹೇಳಿಬಿಟ್ಟಿರಿ. ಜನ ಚಪ್ಪಾಳೆ ತಟ್ಟಿದರು. ನೀವು ಕೂತಿರಿ. ಹತ್ತು ನಿಮಿಷಕ್ಕೆ ಈಗ ಎರಡು ಗಂಟೆ ವಯಸ್ಸಾಗಿದೆ. ಚಪ್ಪಾಳೆಯವರು ಉಪ್ಪಿಟ್ಟು ಮುಗಿದದ್ದೇ ಕರಗಿಹೋದರು. ಕಾರು ಬಾಗಿಲು ತೆರೆದು ನಿಂತಿದೆ, ಡ್ರೈವರ್ ಎರಡು ಸಲ ಹಾರ್ನ್ ಮಾಡಿದ್ದಾನೆ. ನಿಮ್ಮ ಪಿ.ಎ. ಪರಶಿವಮೂರ್ತಿ ಬಗ್ಗಿ, “ಮೇಡಂ, ಮಿನಿಸ್ಟ್ರು ಊಟಕ್ಕೆ ಕಾಯ್ತಾವ್ರೆ” ಎನ್ನುತ್ತಿದ್ದಾರೆ. ನೀವು ಏಳಲೆಂದು ಸೆರಗು ಸರಿಮಾಡಿಕೊಂಡಿದ್ದೀರಿ.

ತಾಯಿ, ಏಳಬೇಡಿ. ನಾನು ಆರು ತಲೆಮಾರಿನಾಚೆಯಿಂದ ಓಡಿ ಬಂದಿರುವುದು ಇಷ್ಟು ಹೇಳುವುದಕ್ಕೇ.

ಪರಶಿವಮೂರ್ತಿ ನಿಮ್ಮಿಂದ ಮುಚ್ಚಿಟ್ಟಿರುವ ಒಂದು ಸಂಗತಿಯಿದೆ. ಕಾಲು ಗಂಟೆಯ ಹಿಂದೆ ಅವರು ಡಿಪೋಗೆ ಫೋನ್ ಮಾಡಿದರು. ಡಿಪೋದವರು ಬಹಳ ಗೌರವದಿಂದ, “ಅಲ್ಲಿ ಸ್ಟಾಪು ಯಾವಾಗ ಆಯ್ತು ಸಾರ್?” ಎಂದು ಕೇಳಿದರು. ತಂಗುದಾಣ ನಿಮ್ಮ ಅನುದಾನದಿಂದ ಆಯಿತು. ಕಟ್ಟಿದವರು ಬಸ್ಸನ್ನು ಸಾರಿಗೆಯವರು ಬಿಡುತ್ತಾರೆಂದುಕೊಂಡರು, ಸಾರಿಗೆಯವರು ಯಾರಾದರೂ ಕೇಳಿದರೆ ಬಿಡೋಣ ಎಂದುಕೊಂಡರು, ನೀವು ಯಾರೋ ಕೇಳಿಯೇ ಇರುತ್ತಾರೆಂದುಕೊಂಡಿರಿ. ಅನುದಾನ ಬಂತು, ತಂಗುದಾಣ ಬಂತು, ಫೋಟೋ ಬಂತು; ಬಸ್ಸಿಗೆ ಮಾತ್ರ ಯಾರೂ ಒಂದು ಅರ್ಜಿ ಬರೆಯಲಿಲ್ಲ. ಇದನ್ನು ದೊಡ್ಡಸಿದ್ದಮ್ಮ ನಿಮಗಿಂತ ಮೊದಲೇ ಊಹಿಸಿದ್ದರು. “ನೀ ಹಾಕ್ಸಿರೋ ನೆಳ್ಳು ಚೆನ್ನಾಗದೆ ಕಣವ್ವ. ಬಸ್ಸು ಯಾವತ್ತು ಹಾಕ್ಸೀಯೆ? ಅದ್ಕೂ ಒಂದು ಫೋಟ ಅಂಟಿಸ್ಕೋ, ನಾವೇನು ಬ್ಯಾಡ ಅನ್ನಕಿಲ್ಲ” ಎಂದು ಅವರು ಆಗಲೇ ಹೇಳಿದರಲ್ಲ, ನೀವು ನಕ್ಕು ಬೇರೆ ಕಡೆ ನೋಡಿದಿರಿ. ಬೇರೆ ಕಡೆ ಕೆರೆಯಿತ್ತು. ಕೆರೆಯ ಮೇಲೆ ನೊರೆಯಿತ್ತು. ಸೆರಗು ಮೂಗಿಗೆ ಹೋಯಿತು. ಮೂರು ವರ್ಷದಿಂದ ಕಾರಿನ ಗಾಜು ಏರಿಸಿಕೊಂಡು ದಾಟಿದ ಏರಿಯಲ್ಲಿ ನೀವು ಮೊದಲ ಸಲ ಉಸಿರಾಡಿದ್ದು ಇವತ್ತು.

ಈ ಎರಡು ಗಂಟೆಗಳಲ್ಲಿ ಆ ಬೆಂಚಿನ ಮೇಲೆ ನಿಮಗೆ ನಾಲ್ಕು ಇಲಾಖೆಗಳು ಗೊತ್ತಾಗಿವೆ, ಕಡತವಿಲ್ಲದೆ. ಪಿಂಚಣಿಯ ಕತೆ ನೆನಪಿದೆಯಲ್ಲ? “ಹೋದ್ ವರ್ಸ ನಾ ಸತ್ತೋಗಿವ್ನಿ ಅಂತ ಕಂಪ್ಯೂಟ್ರಲ್ಲಿ ಬಂದಿತ್ತು. ಇಲ್ಲ ಬುದ್ಧೀ, ಬದ್ಕಿವ್ನಿ ಅಂತ ಹೋದ್ರೆ, ‘ಬದ್ಕಿರೋದ್ಕೆ ಸಾಕ್ಸಿ ಕರ್ಕೊಂಬಾ’ ಅಂದ್ರು” ಎಂದು ಅವರು ಹೇಳಿದಾಗ ನೀವು ನಗಲಿಲ್ಲ. ಆ ಕ್ಷಣವೇ ನಮ್ಮ ಇತಿಹಾಸದ ಮೊದಲ ಕ್ಷಣ.

ಮುಂದೇನಾಯಿತು ಎಂದು ಹೇಳಬಾರದೆಂಬ ನಿಯಮ ಕಾಲಟಪಾಲಿಗೆ ಇದೆ. ಆದರೆ ನಿಯಮ ಮಾಡಿದ ಸದನದಲ್ಲಿ ನಾನೂ ಒಬ್ಬ. ಆದ್ದರಿಂದ ಸ್ವಲ್ಪ ಮುರಿಯುತ್ತೇನೆ. ನೀವು ‘ಕಾಯುವ ಕಾಯಿದೆ’ ಎಂಬುದೊಂದನ್ನು ತಂದಿರಿ. ಯಾವ ಸೌಕರ್ಯದ ಬಗ್ಗೆ ಶಾಸಕರು ಮಾತಾಡಬೇಕೋ ಅದಕ್ಕಾಗಿ ಮೊದಲು ಸಾಲಿನಲ್ಲಿ ಕಾಯಬೇಕು, ಕಾದ ಮೇಲೆಯೇ ಮತ ಹಾಕಬೇಕು, ಇಷ್ಟೇ. ಮೊದಲ ಸಲ ಮಂಡಿಸಿದಾಗ ಸದನ ನಕ್ಕಿತು, ಎರಡನೆಯ ಸಲ ಆಕಳಿಸಿತು, ಮೂರನೆಯ ಸಲ ಎದ್ದು ಹೋಯಿತು. ನಾಲ್ಕನೆಯ ಸಲ ಚುನಾವಣೆ ಹತ್ತಿರವಿತ್ತು, ಒಮ್ಮತದಿಂದ ಒಪ್ಪಿತು. ನಿಮ್ಮ ಕಾಲದ ಶಾಸಕರಿಗೆ ಪ್ರತಿಯೊಂದರ ಬಗ್ಗೆಯೂ ಒಂದು ನಿಲುವು ಇರುತ್ತಿತ್ತು. ನಮಗೆ ನಿಲುವಿಲ್ಲ, ಕುಳಿವು ಇದೆ. ಕುಳಿವು ಎಂದರೆ ಸಾಲಿನಲ್ಲಿ ಕೂತು ಎದ್ದ ಮೇಲೆ ಉಳಿಯುವ ಅಭಿಪ್ರಾಯ. ಮೊದಲು ಆಸನ, ಆಮೇಲೆ ಶಾಸನ. ನಡುವೆ ಭಾಷಣಕ್ಕೆ ಸಿಗುವುದು ಎರಡೇ ನಿಮಿಷ.

ಅದರ ಫಲವನ್ನು ನೀವು ನೋಡಬೇಕಿತ್ತು. ನಮ್ಮ ಸಾರಿಗೆ ಸಚಿವರಿಗೆ ಕಾರಿಲ್ಲ, ಕಂಬ ಹಿಡಿದು ನಿಲ್ಲಲು ಬಸ್ಸಿನಲ್ಲಿ ಒಂದು ಕಾಯಂ ಜಾಗವಿದೆ. ನಿಮ್ಮ ಕಾಲದಲ್ಲಿ ‘ಸಾರಿ’ ಕೇಳುವುದಕ್ಕೇ ಇದ್ದ ಸಾರಿಗೆ ಇಲಾಖೆ ಈಗ ಬಾಣಗೆರೆಗೆ ನಾಲ್ಕು ನಿಮಿಷಕ್ಕೊಂದು ಬಸ್ಸು ಬಿಡುತ್ತದೆ. ಆರೋಗ್ಯ ಸಚಿವೆಗೆ ಮೊನ್ನೆ ಕೆಮ್ಮು ಬಂದಾಗ ಟೋಕನ್ ನಂಬರ್ ಮೂವತ್ತೇಳು; ಮೂವತ್ತಾರರವರು, “ಮೊದಲು ನೀವು ಹೋಗಿ ಮೇಡಂ” ಎಂದದ್ದಕ್ಕೆ ಇಬ್ಬರಿಗೂ ಛೀಮಾರಿ ಆಯಿತು. ಪಿಂಚಣಿ ಪಡೆಯುವವರು ಯಾರಿಗೂ ಏನನ್ನೂ ರುಜುವಾತು ಮಾಡಬೇಕಿಲ್ಲ. ವರ್ಷಕ್ಕೊಮ್ಮೆ ಅಧಿಕಾರಿಯೇ ಮನೆಗೆ ಬಂದು, ಜಗಲಿಯಲ್ಲಿ ಕೂತು, ತಾನು ಬದುಕಿದ್ದೇನೆಂದು ಅಜ್ಜಿಯರಿಗೆ ತೋರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. ಕೆಲವು ಅಜ್ಜಿಯರು ಸಾಕ್ಷಿ ಕೇಳುವುದೂ ಉಂಟು. ಇನ್ನು ಕೆರೆ. ಅಧಿವೇಶನದ ಮೊದಲ ದಿನ ಪ್ರತಿ ಸದಸ್ಯನ ಮುಂದೆ ಅವನ ಕ್ಷೇತ್ರದ ಕೆರೆಯ ನೀರು ಒಂದು ಲೋಟ ಇಡುತ್ತಾರೆ, ಕುಡಿದವರಿಗಷ್ಟೇ ಹಾಜರಿ. ಮೊದಲ ವರ್ಷ ಇಡೀ ಸದನ ಗೈರುಹಾಜರು. ಐದನೆಯ ವರ್ಷಕ್ಕೆ ಕೆರೆಗಳೆಲ್ಲ ತಿಳಿಯಾದವು. ಬಾಯಾರಿದ ಶಾಸಕನಷ್ಟು ಚುರುಕಾಗಿ ನೀರು ಸೋಸುವ ಯಂತ್ರವನ್ನು ನಮ್ಮ ವಿಜ್ಞಾನಿಗಳು ಇವತ್ತಿಗೂ ಕಂಡುಹಿಡಿದಿಲ್ಲ.

ಇಷ್ಟೆಲ್ಲ ಗೆದ್ದ ಮೇಲೆ ಒಂದು ಪೇಚು ಬಂತು. ಕುಮುದ್ವತಿ ಎಂಬ ಯುವ ಸದಸ್ಯೆ ಇವತ್ತು ನಿಮ್ಮ ಕಾಯಿದೆಯನ್ನು ರದ್ದು ಮಾಡಲು ಮಸೂದೆ ತಂದರು. ಅವರ ವಾದ ಸುಳ್ಳೇನಲ್ಲ: “ಅಧ್ಯಕ್ಷರೇ, ಕಾಯೋದಕ್ಕೆ ನಾಡಿನಲ್ಲಿ ಏನು ಉಳಿದಿದೆ? ನಾನು ಹೋದ ವಾರ ಸ್ಟಾಪಿಗೆ ಹೋದೆ, ಚಪ್ಪಲಿ ಸರಿಮಾಡಿಕೊಳ್ಳೋದರೊಳಗೆ ಬಸ್ಸು ಬಂದುಬಿಡ್ತು!” ಸದನವೆಲ್ಲ ಮೇಜು ಕುಟ್ಟಿತು. ನಾನು ಎದ್ದೆ. ಮೊನ್ನೆ ನಿಮ್ಮ ಬೆಂಚಿನ ಮೇಲೆ ಕೂತು ಬಂದದ್ದನ್ನು ಹೇಳಿದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಸ್ಸು ಬಂತು. ಅವರು ಬಾಯಿ ಮುಚ್ಚಿ ಹತ್ತಿಕೊಂಡರು. ಏನು ಹೇಳಲಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. “ಚಿಕ್ಕತಾಯಮ್ಮನವರಿಗೆ ಬಸ್ಸು ಸಿಗಲಿಲ್ಲ, ಅದಕ್ಕೇ ಅಜ್ಜಿ ಸಿಕ್ಕರು. ನನಗೆ ಬಸ್ಸು ಸಿಕ್ಕಿತು, ಅಜ್ಜಿ ತಪ್ಪಿಹೋದರು” ಎಂದೆ. ಮೇಜು ಕುಟ್ಟುವುದು ನಿಂತಿತು. ಎಲ್ಲರಿಗೂ ತಪ್ಪಿಹೋದ ಒಬ್ಬೊಬ್ಬರು ನೆನಪಾದರೆಂದು ಕಾಣುತ್ತದೆ. ಮಸೂದೆ ಬಿತ್ತು, ತಾಯಿ. ಅದರ ಜಾಗದಲ್ಲಿ ಕುಮುದ್ವತಿಯೇ ಒಂದು ತಿದ್ದುಪಡಿ ಬರೆದರು: ಇನ್ನು ಮುಂದೆ ಶಾಸಕರು ಮೂರು ಬಸ್ಸು ಬಿಟ್ಟು ನಾಲ್ಕನೆಯದನ್ನು ಹತ್ತಬೇಕು. ನಡುವಿನ ಹೊತ್ತಿನಲ್ಲಿ ಬಾಯಿ ಪಕ್ಕದವರದ್ದು, ಕಿವಿ ಶಾಸಕರದ್ದು. ಸದನದಲ್ಲಿ ಸಿಹಿ ಹಂಚಿದೆವು. ಲೋಟಗಳಲ್ಲಿ ಬಾಣಗೆರೆಯ ನೀರನ್ನೇ ಎತ್ತಿ ಕುಡಿದೆವು.

ಆ ಸಂಭ್ರಮದ ನಡುವೆ ಗ್ರಂಥಪಾಲಕರು ಪರಶಿವಮೂರ್ತಿಯವರ ಡೈರಿ ತಂದು ತೋರಿಸಿದರು. ಇವತ್ತಿನ, ಅಂದರೆ ನಿಮ್ಮ ಇವತ್ತಿನ, ಪುಟದಲ್ಲಿ ಹೀಗಿದೆ: ‘ಮಧ್ಯಾಹ್ನ ೧೨.೧೦. ಮೇಡಂ ಕಡಲೆಕಾಯಿ ಪೊಟ್ಟಣದ ಕಾಗದ ಓದಿ ನಕ್ಕರು. ೧೨.೨೦. ಮುದುಕಿಯನ್ನು ಕಾರಿನಲ್ಲಿ ಆಸ್ಪತ್ರೆಗೆ ಕಳಿಸಿದರು. ತಾವು ಏಳಲಿಲ್ಲ. ಮಿನಿಸ್ಟರಿಗೆ ಏನು ಹೇಳುವುದೋ ದೇವರೇ ಬಲ್ಲ.’ ಆ ಕಾಗದದಲ್ಲಿ ಏನಿತ್ತೆಂದು ನಮ್ಮ ವಿದ್ವಾಂಸರು ನೂರಕ್ಕೂ ಹೆಚ್ಚು ವರ್ಷ ಜಗಳವಾಡಿದ್ದಾರೆ. ಅದನ್ನು ಯಾರೂ ಇನ್ನೂ ಬರೆದೇ ಇಲ್ಲ ಎಂಬುದು ಇವತ್ತು ಹೊಳೆಯಿತು. ಬರೆಯದಿದ್ದರೆ ನೀವು ನಗುವುದಿಲ್ಲ, ನಗದಿದ್ದರೆ ಏಳುತ್ತೀರಿ, ಎದ್ದರೆ ನಮ್ಮ ಬಸ್ಸು, ಟೋಕನ್, ಲೋಟ ಎಲ್ಲವೂ ನಿಮ್ಮ ಕಾರಿನ ಹೊಗೆಯಲ್ಲೇ ಹೋಗಿಬಿಡುತ್ತವೆ. ಸದನದಲ್ಲಿ ನಗೆಚಾಟಿಕೆಯ ಕೆಟ್ಟ ಹೆಸರಿರುವವನು ನಾನೊಬ್ಬನೇ ಆದ್ದರಿಂದ ಲೇಖನಿ ನನ್ನ ಕೈಗೆ ಬಂತು. ಇಷ್ಟರಲ್ಲಿ ಎಲ್ಲಾದರೂ ನಕ್ಕಿದ್ದೀರೆಂದು ನಂಬಿದ್ದೇನೆ. ನಕ್ಕಿಲ್ಲದಿದ್ದರೆ ದಯವಿಟ್ಟು ತಲೆಯೆತ್ತಿ ನಿಮ್ಮ ಭಾವಚಿತ್ರದ ಮೀಸೆ ನೋಡಿ. ಉದ್ಘಾಟನೆಗೆ ಮುಂಚೆಯೇ ಯಾರೋ ಬರೆದಿದ್ದಾರೆ. ನಿಮಗೊಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತು.

ನನ್ನ ಕೋರಿಕೆ ಚಿಕ್ಕದು. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೂ ಕಾರಿನಲ್ಲಿ ಹೊರಟರೆ ಅದು ಒಳ್ಳೆಯತನವೇ, ಆದರೆ ಒಬ್ಬ ಅಜ್ಜಿಯಷ್ಟೇ ದೊಡ್ಡದು. ನೀವಿಬ್ಬರೂ ಕೂತೇ ಇದ್ದರೆ ಚೀಟಿ ಕೊಡುವ ಕಿಟಕಿ ಮುಚ್ಚಿಹೋಗುತ್ತದೆ. ಕಾರು ಅವರಿಗೆ, ಬೆಂಚು ನಿಮಗೆ. ಪರಶಿವಮೂರ್ತಿಯವರು ಕೈಹಿಡಿದು ಕರೆದೊಯ್ಯಲಿ; ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಚೀಟಿ ಸಿಗುತ್ತದೆ, ಕಾಲು ಉಳಿಯುತ್ತದೆ. ಇದು ನನಗೆ ಹೇಗೆ ಗೊತ್ತೆಂದರೆ, ದೊಡ್ಡಸಿದ್ದಮ್ಮ ನಮ್ಮ ಮನೆಯವರು. ನಾನು ಅವರ ಆರನೆಯ ತಲೆಮಾರು. ಮುಂದಿನ ಚುನಾವಣೆಯಲ್ಲಿ ಅವರು ಅದೇ ಎರಡು ಕಾಲುಗಳಲ್ಲಿ ನಡೆದು ಹೋಗಿ ನಿಮ್ಮ ಎದುರಾಳಿಗೆ ಓಟು ಹಾಕಿದರು ಎಂದು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಆದರೂ ನೀವು ಗೆದ್ದಿರಿ. ಇನ್ನು ಬಸ್ಸು: ನೀವು ಬೆಂಚು ಬಿಟ್ಟು ಏಳುತ್ತಿಲ್ಲವೆಂಬ ಸುದ್ದಿ ಡಿಪೋ ಮುಟ್ಟಿ, ನಿಮ್ಮ ಈ ದಿನವೇ ಸಂಜೆ ಐದೂಮುಕ್ಕಾಲಿಗೆ ಬಂತು. ಬೋರ್ಡು ಕೂಡ ಇರಲಿಲ್ಲ, ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ‘ಬಾಣಗೆರೆ’ ಎಂದು ಬರೆದಿದ್ದರು. ಊರಿಗೆ ಊರೇ ಎದ್ದು ಬಂದು ಸೀಟಿ ಹೊಡೆಯಿತು. ಮೊದಲ ಟಿಕೆಟ್ ನಿಮ್ಮದು. ಅದು ನಮ್ಮ ಸದನದಲ್ಲಿ, ಸಭಾಧ್ಯಕ್ಷರ ಪೀಠದ ಮೇಲೆ, ಗಾಜಿನೊಳಗಿದೆ.

ಡ್ರೈವರ್ ಮೂರನೆಯ ಸಲ ಹಾರ್ನ್ ಮಾಡುವ ಹೊತ್ತಾಯಿತು. ಕಾಗದ ಮಡಿಸಿ, ಅಜ್ಜಿಗೆ ಕೈಕೊಟ್ಟು ಎಬ್ಬಿಸಿ, ಮಿಕ್ಕ ಕಡಲೆಕಾಯಿಯನ್ನು ಅವರ ಮಡಿಲಿಗೆ ಹಾಕಿ ಕಳಿಸಿ. ಕಾರಿನ ಬಾಗಿಲು ಮುಚ್ಚಿದ ಮೇಲೆ ಹಾರ ತೆಗೆದು ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಕೊಂಚ ಸರಿದು ಕೂತುಕೊಳ್ಳಿ ತಾಯಿ. ಪಕ್ಕದಲ್ಲಿ ಜಾಗ ಬಿಡಿ. ನಾವೆಲ್ಲ ಬರುವವರಿದ್ದೇವೆ.

ಇತಿ,
ಸಿದ್ದಮಾದು