ಪ್ರಫುಲ್ಲಕ್ಕನ ಕಸದ ಬುಟ್ಟಿ

ಎರಡನೇ ನೀರೇರಿಕೆಯ ನಂತರ ನೂರಾ ಹನ್ನೊಂದನೇ ವರ್ಷ, ಉಪ್ಪುತಿಂಗಳ ಮೂವತ್ತೈದು
ಮೇಲಿನ ಕುದ್ರು

ಮಾನ್ಯ ಪ್ರಫುಲ್ಲಾ ಬಂಗೇರ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಉಪ್ಪುತಿಂಗಳು ನಮ್ಮ ಹದಿಮೂರನೆಯದು, ಕಡಲು ಗದ್ದೆಯ ಅಂಚಿನವರೆಗೂ ಬಂದು ಹಿಂದೆ ಸರಿಯುವ ಕಾಲ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬರೆದ ಇಮೇಲುಗಳಿಂದಲೇ. ಅಲ್ಲಲ್ಲಿ ನಿಮಗೆ ನೀವೇ ಬರೆದುಕೊಂಡ ಹಾಗೆ ಅನ್ನಿಸಿದರೂ ಆಶ್ಚರ್ಯವಿಲ್ಲ. ನನ್ನ ಹೆಸರು ಸೇಸಪ್ಪ. ನಿಮ್ಮ ಅಜ್ಜಂದಿರ ಹೆಸರುಗಳೆಲ್ಲ ನಮ್ಮಲ್ಲಿ ಮತ್ತೆ ಬಂದಿವೆ. ನನ್ನ ಕೆಲಸ ಅಂಚೆಗಾವಲು, ಅಂದರೆ ಊರಿನ ಇಮೇಲ್ ಪ್ರೋಗ್ರಾಮನ್ನು ಜೋಪಾನ ಮಾಡುವುದು. ನಮ್ಮ ಯಂತ್ರದೊಳಗಿನ ಸಣ್ಣ ಬ್ಯಾಟರಿ ಸತ್ತಾಗಲೆಲ್ಲ ಅದರ ಗಡಿಯಾರ ಹಿಂದಕ್ಕೆ ಬಿದ್ದು ನಿಮ್ಮ ವರ್ಷವನ್ನು ತೋರಿಸುತ್ತದೆ. ಆ ಹೊತ್ತಿನಲ್ಲಿ ಕಳಿಸಿದ್ದು ನಿಮ್ಮ ಕಾಲಕ್ಕೇ ಹೋಗಿ ಬೀಳುತ್ತದೆಂದು ಇಲ್ಲಿ ಕೆಲವರ ನಂಬಿಕೆ. ನಾನೂ ನಂಬಿದ್ದೇನೆ, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ನೀವು ಕ್ಲೌಡ್ ಎನ್ನುತ್ತಿದ್ದುದಕ್ಕೆ ನಮ್ಮಲ್ಲಿ ಆಕಾಶದ ಕಪಾಟು ಎಂದು ಹೆಸರು. ಅದು ಒಂದು ದಿನ ಬಾಗಿಲು ಮುಚ್ಚಿತು. ಅದರೊಳಗೆ ಇಟ್ಟಿದ್ದ ಮದುವೆಯ ಫೋಟೊ, ಜಾಗದ ಪತ್ರ, ಮಕ್ಕಳ ಅಂಕಪಟ್ಟಿ ಎಲ್ಲ ಒಟ್ಟಿಗೇ ಹೋಯಿತು. ಇಮೇಲುಗಳನ್ನು ತಮ್ಮ ಮೇಜಿನ ಕಂಪ್ಯೂಟರಿಗೇ ಇಳಿಸಿಕೊಂಡು ಅಲ್ಲೇ ಇಟ್ಟುಕೊಂಡಿದ್ದವರದು ಮಾತ್ರ ಉಳಿಯಿತು. ಮಂಗಳೂರು ಬಂದರಿನ ನಿಮ್ಮ ಸರಕು ಕಚೇರಿಯಲ್ಲಿ ಹಾಗೆ ಇಟ್ಟುಕೊಂಡವರು ನೀವೊಬ್ಬರೇ. ಎಲ್ಲರೂ ನಿಮ್ಮನ್ನು ಹಳೇ ಕಾಲದವರು ಎಂದು ತಮಾಷೆ ಮಾಡುತ್ತಿದ್ದರೆಂದು ನಮಗೆ ಗೊತ್ತು, ಏಕೆಂದರೆ ಆ ತಮಾಷೆಯೂ ನಿಮ್ಮ ಇನ್‌ಬಾಕ್ಸಿನಲ್ಲಿದೆ. ನಿಮ್ಮ ನಂತರ ಒಬ್ಬರ ಕೈಯಿಂದ ಒಬ್ಬರಿಗೆ, ಯಂತ್ರದಿಂದ ಯಂತ್ರಕ್ಕೆ ದಾಟುತ್ತ ಅದೇ ಪ್ರೋಗ್ರಾಮು, ಅವೇ ಕಡತಗಳು ಹೊಳೆಯ ನಡುಗಡ್ಡೆಯಾದ ನಮ್ಮ ಕುದ್ರುವಿಗೆ ಬಂದವು.

ಈಗ ಹೊಳೆಯ ಕುದ್ರುಗಳ ನಡುವೆ ಅಂಚೆದೋಣಿ ಓಡುತ್ತದೆ. ಅದರಲ್ಲಿ ಮನುಷ್ಯರಿಲ್ಲ, ಚೀಲವಿಲ್ಲ, ಸಂಕೇತ ಹಿಡಿಯುವ ಒಂದು ಕಂಬವಿದೆ ಅಷ್ಟೇ. ದೋಣಿ ಕಟ್ಟುವ ನಮ್ಮ ದಕ್ಕೆಯ ಎದುರು ಅದು ಹಾದುಹೋಗುವಷ್ಟು ಹೊತ್ತು ಪ್ರೋಗ್ರಾಮು ಹೊರಲೋಕದ ಜೊತೆ ಮಾತಾಡುತ್ತದೆ. ಔಟ್‌ಬಾಕ್ಸಿನಲ್ಲಿ ಕಾದಿದ್ದು ಹೋಗುತ್ತದೆ, ನಮಗೆ ಬಂದದ್ದು ಇಳಿಯುತ್ತದೆ. ಬಲೆ ಬೇಕೆಂದರೂ, ಹೆಣ್ಣು ಕೇಳಬೇಕೆಂದರೂ, ಡಾಕ್ಟರು ಕೂತಿರುವ ಮದ್ದುದೋಣಿಯನ್ನು ಕರೆಯಬೇಕೆಂದರೂ ನಮಗೆ ಇದೊಂದೇ ದಾರಿ.

ನಿಮ್ಮ ಬಗ್ಗೆ ನಮಗಿರುವ ಗೌರವವನ್ನು ಹೇಗೆ ಹೇಳಲಿ? ಹಡಗಿನ ಕಾಗದಪತ್ರ ನೋಡುವುದು ನಿಮ್ಮ ಕೆಲಸ. ಆದರೆ ಯಾರ ಇಮೇಲ್ ಕೆಟ್ಟರೂ ಕೂಗುತ್ತಿದ್ದುದು ನಿಮ್ಮನ್ನೇ. ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುತ್ತದೆ ಎಂದು ಒಬ್ಬರು, ಒಂದೇ ಪತ್ರ ಎರಡೆರಡು ಸಲ ಬರುತ್ತದೆ ಎಂದು ಇನ್ನೊಬ್ಬರು, ಕನ್ನಡ ಇದ್ದಲ್ಲಿ ಬರೀ ಚೌಕಗಳು ಕಾಣುತ್ತವೆ ಎಂದು ಮತ್ತೊಬ್ಬರು. ಒಬ್ಬರಿಗೂ ನೀವು ಇಲ್ಲ ಅಂದದ್ದಿಲ್ಲ. ‘ಹೆದರ್ಬೇಡಿ, ಎಂತ ಆಗುದಿಲ್ಲ. ಮೊದಲು ಒಂದು ಕಾಪಿ ತೆಗೆದಿಡಿ, ಮತ್ತೆ ಕೈ ಹಾಕುವ’ ಎಂದು ನೀವು ಬರೆದದ್ದನ್ನು ನಮ್ಮ ಮಕ್ಕಳು ಅಕ್ಷರ ಕಲಿಯುವಾಗ ಮೊದಲು ಬರೆಯುತ್ತಾರೆ. ಪ್ರೋಗ್ರಾಮು ಗರಬಡಿದಂತೆ ನಿಂತಾಗ ನೀವು ಅದಕ್ಕೆ ಗುದ್ದಲಿಲ್ಲ, ಬೈಯಲಿಲ್ಲ. ಮುಚ್ಚಿ, ಅಂಟಿಸಿಕೊಂಡ ಹೆಚ್ಚುವರಿ ಸಲಕರಣೆಗಳನ್ನೆಲ್ಲ ಬದಿಗಿಟ್ಟು, ಬರಿಮೈಯಲ್ಲಿ ಏಳುತ್ತದಾ ಎಂದು ನೋಡುತ್ತಿದ್ದಿರಿ. ಇಷ್ಟು ತಾಳ್ಮೆಯ ಮನುಷ್ಯರು ಒಂದು ಕಾಲದಲ್ಲಿ ಸಂಬಳಕ್ಕೆ ದುಡಿಯುತ್ತ ಬಸ್ಸಿನಲ್ಲಿ ಓಡಾಡಿಕೊಂಡಿದ್ದರು ಎಂದರೆ ನಮಗೆ ನಂಬಲಿಕ್ಕೇ ಆಗುವುದಿಲ್ಲ.

ನಿಮ್ಮ ಕಚೇರಿಯ ಲ್ಯಾನ್ಸಿ ಸರ್ ನಮಗೂ ಮನೆಯವರ ಹಾಗೆಯೇ. ಕೈಗೆ ಬೇಗ ಸಿಗಲಿ ಎಂದು ಮುಖ್ಯವಾದ ಪತ್ರಗಳನ್ನೆಲ್ಲ ಕಸದ ಬುಟ್ಟಿಯಲ್ಲಿ, ಅಂದರೆ ನೀವು ಟ್ರ್ಯಾಶ್ ಎನ್ನುವ ಕಡತದಲ್ಲಿ ಇಡುತ್ತಿದ್ದ ಮಹಾನುಭಾವ! ಅವರಿಗೆ ನೀವು ಬರೆದ ಉತ್ತರವನ್ನು ವರ್ಷಕ್ಕೊಮ್ಮೆ, ಅಂಚೆಮನೆ ತೊಳೆಯುವ ಹಬ್ಬದ ದಿನ, ಊರೆಲ್ಲ ಸೇರಿ ಗಟ್ಟಿಯಾಗಿ ಓದುತ್ತೇವೆ. ‘ಸರ್, ಕಸದ ಬುಟ್ಟಿ ಇರುದು ಖಾಲಿ ಮಾಡ್ಲಿಕ್ಕೆ. ಎಷ್ಟು ಸಲ ಹೇಳುದು ಮಾರ್ರೆ ನಿಮಗೆ? ಒಂದು ದಿನ ಜಾಗ ತುಂಬಿ ಎಲ್ಲ ನಿಲ್ತದೆ, ಆಗ ನನ್ನನ್ನು ಕರೀಬೇಡಿ.’ ಓದಿ, ಕೈಮುಗಿದು, ಪಾಯಸ ಉಂಡು, ಬುಟ್ಟಿಯನ್ನು ಮಾತ್ರ ಮುಟ್ಟದೆ ಮನೆಗೆ ಹೋಗುತ್ತೇವೆ.

ಹೌದು, ನಗಬೇಡಿ. ನಿಮ್ಮ ಕೈ ದಾಟಿ ಬಂದದ್ದು ಯಾವುದನ್ನೂ ಅಳಿಸಬಾರದು ಎಂಬುದು ನಮ್ಮ ಕಟ್ಟಳೆ. ನೀವು ಬಿಸಾಡಿದ್ದೂ ನಿಮ್ಮದೇ ಅಲ್ಲವೇ? ಚಪ್ಪಲಿಗೆ ಅರ್ಧ ಬೆಲೆ ಎನ್ನುವ ಜಾಹೀರಾತು, ನಿಮಗೆ ಲಾಟರಿ ಹೊಡೆದಿದೆ ಎಂದು ಯಾರೋ ಅಪರಿಚಿತರು ಬರೆದ ಪತ್ರ, ಎಲ್ಲವನ್ನೂ ಕಣ್ಣಿಗೊತ್ತಿಕೊಂಡು ಕಾಪಾಡಿದೆವು. ‘ಇದೇ ಕೊನೆಯ ಅವಕಾಶ’ ಎಂಬ ಸಾಲಿನ ಮೇಲೆ ನಮ್ಮ ಪಂಡಿತರು ಎರಡು ಪಕ್ಷವಾಗಿದ್ದರು; ಒಂದು ಪಕ್ಷದವರು ಅದು ಕಡಲು ಉಕ್ಕಿ ಊರು ಮುಳುಗಿಸಿದ ನೀರೇರಿಕೆಯ ಮುನ್ಸೂಚನೆ ಎಂದರು. ಅದು ಸೀರೆ ಅಂಗಡಿಯವರದು ಎಂದು ನಾನು ಹೇಳಲು ಹೋಗಿ ಬೈಸಿಕೊಂಡೆ.

ಹೋದ ತಿಂಗಳು ನೀವು ಹೇಳಿದ ಆ ಒಂದು ದಿನ ಬಂತು. ನನ್ನ ತಂಗಿ ನೀಲು ತುಂಬು ಬಸುರಿ. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ನನ್ನ ಕೈಯಲ್ಲಾಗುವ ಹೆರಿಗೆಯಲ್ಲ ಎಂದು ಸೂಲಗಿತ್ತಿ ಹೇಳಿಬಿಟ್ಟಳು. ಹೊಳೆಯ ಬಾಯಲ್ಲಿ ಅಲೆ ಎದ್ದಿತ್ತು, ನಮ್ಮ ಸಣ್ಣ ದೋಣಿಯಲ್ಲಿ ಅವಳನ್ನು ಕರೆದೊಯ್ಯುವ ಹಾಗಿರಲಿಲ್ಲ. ಮದ್ದುದೋಣಿಯನ್ನು ಕರೆಯಲೇಬೇಕು. ಪತ್ರ ಬರೆದು ಕಳಿಸಲು ಒತ್ತಿದೆ. ಪ್ರೋಗ್ರಾಮು ಒಮ್ಮೆ ಬೆಳ್ಳಗಾಗಿ ಸತ್ತುಹೋಯಿತು. ನೀವು ಕಲಿಸಿದ್ದನ್ನೆಲ್ಲ ಮಾಡಿದೆ. ಬರಿಮೈಯಲ್ಲಿ ಎಬ್ಬಿಸಿದೆ, ಏಳಲಿಲ್ಲ. ಹಿಂದಿನ ಸಲ ಕರೆಂಟು ಹೋದಾಗ ಉಳಿದುಹೋಗಿ ಪ್ರೋಗ್ರಾಮನ್ನು ಏಳಗೊಡದ ಬೀಗದ ಕಡತವಿದೆಯಾ ಎಂದು ಹುಡುಕಿದೆ, ಇರಲಿಲ್ಲ. ಪತ್ರಗಳ ಸೂಚಿಯನ್ನು ತೆಗೆದು ಹೊಸದಾಗಿ ಕಟ್ಟಿಸಲು ನೋಡಿದೆ. ಕಟ್ಟಲು ಜಾಗವೇ ಇರಲಿಲ್ಲ. ತಲೆಮಾರುಗಳ ಕಸ ಡಿಸ್ಕನ್ನು ತುಂಬಿ ಕೂತಿತ್ತು, ಒಂದು ಸಾಲು ಬರೆದಿಡಲೂ ಎಡೆಯಿಲ್ಲ. ಕಾಪಿ ತೆಗೆಯೋಣವೆಂದರೆ ಎರಡನೇ ಡಿಸ್ಕನ್ನು ಉಪ್ಪುಗಾಳಿ ಯಾವತ್ತೋ ತಿಂದಿತ್ತು. ಅಂಚೆದೋಣಿಯ ಕಂಬ ಹೊಳೆಯ ತಿರುವಿನಲ್ಲಿ ಕಾಣಿಸತೊಡಗಿತ್ತು.

ಬುಟ್ಟಿಯ ಕಡತವನ್ನೇ ಅಳಿಸಬೇಕು, ಬೇರೆ ದಾರಿಯಿಲ್ಲ ಎಂದೆ. ಅಂಚೆಮನೆಯ ಹಿರಿಯಳಾದ ಬಾಗಿ ಎಂಬ ಅಜ್ಜಿ ಯಂತ್ರಕ್ಕೆ ಅಡ್ಡ ನಿಂತಳು.

‘ಪ್ರಫುಲ್ಲಕ್ಕನ ವಸ್ತು ಬಿಸಾಡ್ಲಿಕ್ಕೆ ನಿನಗೆ ಯಾರು ಹೇಳಿದ್ದು? ಲ್ಯಾನ್ಸಿ ಸರ್ ಇಟ್ಟುಕೊಳ್ಳಲಿಲ್ವಾ ಬುಟ್ಟಿಯಲ್ಲಿ?’ ಎಂದಳು.

ನಾನು ಬಾಯಿ ತೆರೆಯುವ ಮೊದಲೇ ನೀಲು ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಬೆವರಿನಿಂದ ಅವಳ ಮುಖವೆಲ್ಲ ಒದ್ದೆಯಾಗಿತ್ತು.

‘ಅಜ್ಜೀ, ಪ್ರತಿ ವರ್ಷ ಓದ್ತೀರಲ್ಲ ನೀವೆಲ್ಲ. ಒಂದು ಸಲ ಅವರು ಹೇಳಿದ ಹಾಗೆ ಮಾಡಿ ಆದ್ರೂ ನೋಡಿ’ ಎಂದಳು.

ಅಜ್ಜಿ ಅವಳ ಹೊಟ್ಟೆಯನ್ನೊಮ್ಮೆ ನೋಡಿದಳು. ಆಮೇಲೆ ಯಂತ್ರ ಬಿಟ್ಟು ಬದಿಗೆ ಸರಿದು, ‘ಮಾಡು ಮಾರಾಯ. ನಾನು ಆಚೆ ನೋಡ್ತೇನೆ’ ಎಂದಳು. ನಾನು ಅಳಿಸಿದೆ. ಪ್ರೋಗ್ರಾಮು ಎದ್ದಿತು, ತಾನೇ ಒಂದು ಖಾಲಿ ಬುಟ್ಟಿ ಮಾಡಿಕೊಂಡಿತು, ನಾನು ಮತ್ತೆ ಬರೆದ ಪತ್ರ ಔಟ್‌ಬಾಕ್ಸಿಗೆ ಇಳಿಯಿತು. ದೋಣಿ ದಕ್ಕೆಯ ಎದುರು ಬಂದಾಗ ಅದು ಹೊರಟುಹೋದದ್ದನ್ನು ನೋಡಿ ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮದ್ದುದೋಣಿ ಸಮಯಕ್ಕೆ ಬಂತು. ನೀಲು ಬದುಕಿದಳು, ಮಗಳೂ ಬದುಕಿದಳು. ನಿಮ್ಮ ಹೆಸರೇ ಇಡಬೇಕೆಂದು ಅಜ್ಜಿಯ ಹಟ. ಕುದ್ರುವಿನಲ್ಲಿ ಈಗಲೇ ನಾಲ್ಕು ಜನ ಪ್ರಫುಲ್ಲರಿದ್ದಾರೆ, ಕರೆದರೆ ನಾಲ್ವರೂ ಓಗೊಡುತ್ತಾರೆ, ಐದನೆಯದು ಬೇಡವೇ ಬೇಡ ಎಂದು ನೀಲು ಕೈಮುಗಿದಿದ್ದಾಳೆ.

ನಮ್ಮನ್ನು ಉಳಿಸಿದ್ದು ನಿಮ್ಮ ಮಾತು. ಅದಕ್ಕೆ ನಿಮಗೆ ಕೈಮುಗಿಯುತ್ತೇನೆ. ಆದರೆ ಇದನ್ನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಆ ಬುಟ್ಟಿಯಲ್ಲಿ ಚಪ್ಪಲಿ, ಲಾಟರಿ ಮಾತ್ರ ಇರಲಿಲ್ಲ. ನಿಮ್ಮ ಅಕ್ಕ ಹೇಮಲತಾ ಅವರಿಗೆ ನೀವು ಬರೆದು, ಕಳಿಸದೆ ಬಿಸಾಡಿದ ಪತ್ರವೊಂದಿತ್ತು. ‘ಹೇಮಕ್ಕ, ನೀನೇ ಮೊದಲು ಮಾತಾಡ್ತೀ ಅಂತ ಕಾದು ಕಾದು ನನಗೆ ಸಾಕಾಯ್ತು’ ಎಂದು ಶುರುವಾಗುತ್ತಿತ್ತು. ಜಗಳ ಯಾವುದರದೆಂದು ನಮಗೆ ತಿಳಿಯದು. ಊರಿನವರ ಇಮೇಲನ್ನೆಲ್ಲ ಸರಿಮಾಡಿ ಕಳಿಸಿಕೊಟ್ಟ ನೀವು ಇದೊಂದನ್ನು ಯಾಕೆ ಕಳಿಸಲಿಲ್ಲ ಎಂದು ಕಾವಲಿನ ಎಷ್ಟೋ ಮಧ್ಯಾಹ್ನಗಳಲ್ಲಿ ಅದನ್ನು ಓದಿ ಯೋಚಿಸಿದ್ದೇನೆ. ಈಗ ಅದೂ ಹೋಯಿತು, ನನ್ನ ಕೈಯಾರೆ. ಉಳಿದ ಸಾಲುಗಳು ನನಗೆ ಬಾಯಿಪಾಠವಾಗಿವೆ, ಆದರೆ ಇಲ್ಲಿ ಬರೆಯುವುದಿಲ್ಲ. ಅವನ್ನು ಹೇಮಕ್ಕನಿಗೆ ಹೇಳಬೇಕಾದವರು ನೀವು.

ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಕಾಲದಲ್ಲಿ ಆ ಬುಟ್ಟಿ ಇನ್ನೂ ಖಾಲಿಯಾಗಿಲ್ಲ, ಹೇಮಕ್ಕ ಇನ್ನೂ ಇದ್ದಾರೆ. ಆ ಪತ್ರವನ್ನು ಮೇಲೆತ್ತಿ ಕಳಿಸಿಬಿಡಿ. ಕಳಿಸಿದರೆ ಅದು ಕಸದಲ್ಲಿ ಇರುವುದೇ ಇಲ್ಲ. ‘ಕಳಿಸಿದ್ದು’ ಎಂಬ ಕಡತಕ್ಕೆ ಹೋಗುತ್ತದೆ, ನಾವು ಅದನ್ನು ಮುಟ್ಟಿಯೇ ಇಲ್ಲ, ಪೂರ್ತಿ ಹಾಗೇ ಇದೆ. ಇದನ್ನು ಬರೆಯಬೇಕೆಂದುಕೊಂಡಾಗಿನಿಂದ ದಿನಾ ಬೆಳಿಗ್ಗೆ ಅಂಚೆಮನೆಯ ಬಾಗಿಲು ತೆರೆದ ಕೂಡಲೇ ನಾನು ಅದರಲ್ಲಿ ಹೇಮಕ್ಕನ ಹೆಸರು ಹುಡುಕುತ್ತೇನೆ. ಇವತ್ತೂ ನೋಡಿದೆ. ಇನ್ನೂ ಬಂದಿಲ್ಲ.

ಇತಿ ನಿಮ್ಮ,
ಸೇಸಪ್ಪ