ಅಕ್ಕನ ಮನೆಗೆ ಬಂದಿಳಿದ ಆರನೆಯ ಆವೃತ್ತಿ

ಶಾಖೆಯ ಮುಂದೆ ಸಾಲಿನಲ್ಲಿ ನಿಂತು ಕಾಲು ಸೋತ ಸಮಸ್ತ ಓದುಗ ಮಹಾಜನರೇ, ಕೆಮ್ಮುವವರು ಈಗಲೇ ಕೆಮ್ಮಿಬಿಡಿ. ಪತ್ರ ಓದುತ್ತಿರುವುದು ನಿಮ್ಮೆದುರು, ಬರೆದದ್ದು ಮಾತ್ರ ನಗರ ಗ್ರಂಥಾಲಯದ ತಂತ್ರಾಂಶ ಬಿಡುಗಡೆ ಸಮಿತಿಯ ಅಧ್ಯಕ್ಷರಿಗೆ.

ಮಾನ್ಯರೇ, ‘ಸರ್ವಸಿದ್ಧ’ ಎಂದು ತಾವು ಸಹಿ ಹಾಕಿದ, ಪುಸ್ತಕ ಹಂಚುವ ತಂತ್ರಾಂಶದ ಆರನೆಯ ಆವೃತ್ತಿ ಸಿದ್ಧವಾಗಿರಲಿಲ್ಲ. ಅದರ ತಪ್ಪಿಗೆ ನಮ್ಮ ಶಾಖೆಯ ಕೌಂಟರಿನ ಮೇಡಮ್ಮಿಗೆ ನೋಟಿಸು ಹೋಗಿದೆ: ‘ಅಜಾಗರೂಕ ಬಳಕೆ’, ಮೂರು ದಿನದೊಳಗೆ ಉತ್ತರಿಸದಿದ್ದರೆ ಕೆಲಸದಿಂದ ಬಿಡುಗಡೆ. ತಂತ್ರಾಂಶವನ್ನೂ ಬಿಡುಗಡೆ, ಮನುಷ್ಯರನ್ನೂ ಬಿಡುಗಡೆ. ತಮ್ಮ ಸಮಿತಿಯ ಉತ್ಸಾಹಕ್ಕೆ ಎಲ್ಲಿದೆ ತಡೆ?

ನಡೆದದ್ದು ಕೇಳಿ. ನನ್ನ ಅಕ್ಕನಿಗೆ ಮೊಣಕಾಲು ನೋವು. ಗ್ರಂಥಾಲಯದ ವ್ಯಾನು ವಾರಕ್ಕೊಂದು ಕಾದಂಬರಿಯನ್ನು ಅವಳ ಮನೆಬಾಗಿಲಿಗೇ ತರುತ್ತದೆ. ಸೋಮವಾರ ಬೆಳಿಗ್ಗೆ, ಹೊಸ ಆವೃತ್ತಿ ಕಣ್ಣುಬಿಟ್ಟ ಮೊದಲ ಗಂಟೆಯಲ್ಲೇ, ನಾನೂರ ಹನ್ನೆರಡು ಪುಸ್ತಕ ತಂದಿತು.

“ಅಮ್ಮಾ, ಎಲ್ಲಿ ಇಳಿಸ್ಲಿ?” ಎಂದ ಚಾಲಕ.

“ನಾನು ಕೇಳಿದ್ದು ಒಂದೇ ಅಲ್ವೇನಪ್ಪಾ?”

“ಪಟ್ಟೀಲಿ ಎಲ್ಲದಕ್ಕೂ ನಿಮ್ಮ ಸದಸ್ಯ ನಂಬರೇ ಇದೆ. ಇದು ಮೊದಲನೇ ಟ್ರಿಪ್ಪು ಅಷ್ಟೇ.”

ಅಕ್ಕ ನನಗೆ ಫೋನು ಮಾಡಿದಳು. “ಲೋ, ಬೇಗ ಬಾರೋ, ಸೋಫಾ ಕಾಣಿಸ್ತಿಲ್ಲ!” ಓಡಿದೆ. ಕೋಳಿ ಸಾಕಣೆ ಕುರ್ಚಿಯ ಮೇಲೆ, ಕಾನೂನು ಕಪಾಟಿನ ಮೇಲೆ, ಕವನ ಅಡುಗೆ ಒಲೆಯ ಮೇಲೆ. ಭಾವ ವಿಶ್ವಕೋಶದ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು. “ಬಾ, ಕೂತ್ಕೋ. ಎರಡನೇ ಸಂಪುಟ ಸ್ವಲ್ಪ ಮೆತ್ತಗಿದೆ.”

ಮಧ್ಯಾಹ್ನದ ಹೊತ್ತಿಗೆ ಶಾಖೆಯ ಕಪಾಟು ಖಾಲಿ, ಓದುಗರ ಸಾಲು ಅಕ್ಕನ ಬಾಗಿಲಲ್ಲಿ. ಅವಳು ಹಳೆಯ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡು ಪುಸ್ತಕ ಕೊಡತೊಡಗಿದಳು. ಒಂದೂ ತಪ್ಪಲಿಲ್ಲ. ಅವಳ ಆವೃತ್ತಿ ಪೆನ್ಸಿಲಿನದು, ಸ್ವಾಮಿ.

ಇನ್ನು ಮೇಡಮ್ಮು ಅಜಾಗರೂಕರೇ? ಬೆಳಿಗ್ಗೆ ಪಟ್ಟಿ ನೋಡಿದ ಕೂಡಲೇ ತಮ್ಮ ಕಚೇರಿಗೆ ಫೋನು ಮಾಡಿದ್ದರು. “ಸಾರ್, ಏನೋ ಎಡವಟ್ಟಾಗಿದೆ, ನಿಲ್ಲಿಸ್ಲಾ?” ಬಂದ ಉತ್ತರ: “ಉದ್ಘಾಟನೆ ಆಗ್ಹೋಗಿದೆ ಮೇಡಂ, ಈಗ ಹೇಗೆ ನಿಲ್ಸೋದು?”

ಅಂದರೆ ಸಿದ್ಧತೆಯ ಲಕ್ಷಣ ಯಾವುದು? ರಿಬ್ಬನ್ನು ಬಂದಿತ್ತು, ಕತ್ತರಿ ಬಂದಿತ್ತು, ಅತಿಥಿ ಬಂದಿದ್ದರು. ತಂತ್ರಾಂಶ ಮಾತ್ರ ದಾರಿಯಲ್ಲಿತ್ತು. ತಾರೀಖು ಗೊತ್ತಾದ ಮೇಲೆ ತಯಾರಿ ಮುಗಿಯಿತೆಂದು ತಮಗೆ ಹೇಳಿದವರಾರು? ಪ್ರಯೋಗಕ್ಕೆಂದು ತುಂಬಿದ ಬೇಡಿಕೆಗಳನ್ನು ಅಳಿಸದೆ ಅಸಲಿ ಪಟ್ಟಿಗೆ ಸೇರಿಸಿದವರಾರು? ಒತ್ತುವ ಗುಂಡಿ ಮೇಡಮ್ಮಿನದಂತೆ, ಒಪ್ಪುವ ಸಹಿ ತಮ್ಮದಂತೆ, ತಪ್ಪು ಬಂದಾಗ ಮಾತ್ರ ಸಹಿಗೆ ಕಣ್ಣು ಕಾಣದಂತೆ!

ಆದ್ದರಿಂದ ನೋಟಿಸು ಇಂದೇ ಹಿಂದಕ್ಕೆ ಬರಲಿ. ಐದನೆಯ ಆವೃತ್ತಿ ಮತ್ತೆ ಕೌಂಟರಿಗೆ ಬರಲಿ. ಕೌಂಟರಿನಲ್ಲಿ ಕೂರುವವರು ಒಂದು ವಾರ ಬಳಸಿ “ಹೂಂ” ಅನ್ನುವವರೆಗೆ ಆರನೆಯದು ಹೊಸ್ತಿಲು ದಾಟದಿರಲಿ.

‘ಹತ್ತು ಸಾಮಾನ್ಯ ಬಳಕೆದಾರರು ಪರೀಕ್ಷಿಸಿ ಸರಿಯಿದೆ ಎಂದಿದ್ದಾರೆ’ ಎಂಬುದು ತಮ್ಮ ಸಮರ್ಥನೆ. ಆ ಮಹಾನುಭಾವರು ಯಾರೆಂದು ಗುಡುಗಲು ಹೊರಟಿದ್ದೆ. ಬೇಡ. ಅವರಲ್ಲೊಬ್ಬ ನಾನೇ. ನಲವತ್ತು ಪ್ರಶ್ನೆಗಳಿಗೆ ನಾಲ್ಕು ನಿಮಿಷದಲ್ಲಿ ‘ಸರಿಯಿದೆ’ ಎಂದು ಗುರುತು ಹಾಕಿದೆ. ಪ್ರಯೋಗಕ್ಕೆಂದು ಕೊಟ್ಟಿದ್ದ ಸುಳ್ಳು ಸದಸ್ಯ ಸಂಖ್ಯೆಯ ಚೀಟಿ ಕಳೆದುಕೊಂಡು, ಬಾಯಿಪಾಠವಿದ್ದ ಅಕ್ಕನ ಸಂಖ್ಯೆ ಹಾಕಿದೆ. ‘ಎಲ್ಲವನ್ನೂ ಕಾಯ್ದಿರಿಸಿ’ ಎಂಬ ಗುಂಡಿ ಒತ್ತಿ, ಏನೂ ಆಗಲಿಲ್ಲವೆಂದು ಎದ್ದು ಬಂದೆ. ಮೇಡಮ್ಮಿನದು ಇದರಲ್ಲಿ ಏನೂ ಇಲ್ಲ.

ಇಂತಿ,
ಅಕ್ಕನಿಗೆ ಇನ್ನೂ ಹೇಳಿಲ್ಲದ ತಮ್ಮ