ಚಂದನಳ ದವಡೆ ಹಲ್ಲು

ಜುಲೈ 7, ಸೋಮವಾರ

ಆಂಡರ್ಸನ್‌ಪೇಟೆಯಿಂದ ಬಸ್ಸು ಇವತ್ತೂ ಲೇಟು. ಓಡೋಡಿ ಸ್ಕೂಲಿಗೆ ಬಂದರೆ ಹಲ್ಲಿನ ಡಾಕ್ಟರ್ ಶಶಿಧರ್ ಆಗಲೇ ಟಾರ್ಚ್ ಹಿಡಿದು ಕೂತಿದ್ದಾರೆ. ನನ್ನ ಮೂರನೇ ಕ್ಲಾಸಿನ ಇಪ್ಪತ್ತಾರು ಮಕ್ಕಳಲ್ಲಿ ಹತ್ತೊಂಬತ್ತು ಜನಕ್ಕೆ ಹುಳುಕು. ಹಾಲುಹಲ್ಲು ಬೇಗ ಹಾಳಾದವರಿಗೆ ಹೊಸವು ಒಂದರ ಮೇಲೊಂದು, ಸೊಟ್ಟಸೊಟ್ಟ. ಥೂ, ದಿನಾ ಇದೇ ಬಾಯಿಗಳನ್ನು ನೋಡುತ್ತೇನೆ, ಕಂಡೇ ಇರಲಿಲ್ಲ!

ಚಂದನಳಿಗೆ ಹುಳುಕಾಗಿರುವುದು ಕೆಳದವಡೆಯ ಹಲ್ಲು. ಹಾಲುಹಲ್ಲಲ್ಲವಂತೆ — ಆರನೇ ವರ್ಷಕ್ಕೆ ಬಂದದ್ದು, ಕೊನೆತನಕ ಇರಬೇಕಾದದ್ದು. "ಬೇಗ ಸಿಮೆಂಟ್ ಹಾಕಿಸಿದರೆ ಉಳಿಯುತ್ತೆ. ಹೋದರೆ ಇನ್ನೊಂದು ಬರಲ್ಲ ಮೇಡಂ," ಅಂದರು. ಮನೆಗೆ ಚೀಟಿ ಬರೆದು ಕಳಿಸಿದೆ.

ಜುಲೈ 10

ಚೀಟಿ ಇನ್ನೂ ಬ್ಯಾಗಿನಲ್ಲೇ ಇದೆ. ಅಮ್ಮ ಸುಮಲತ ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ, ವಾಪಸ್ ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ಅಜ್ಜಿ ಮುನಿನಾರಾಯಣಮ್ಮನಿಗೆ ಹೇಳಿ ಕಳಿಸಿದೆ. ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನ್ ಹಿಡಿದೇ ಬಂದರು.

"ಆಲಲ್ಲು ಕಣಮ್ಮ, ತಾನೇ ಉದುರ್ತದೆ. ಅದುಕ್ಯಾಕೆ ಡಾಕ್ಟ್ರು?"

"ಇದು ಹಾಲುಹಲ್ಲಲ್ಲ ಅಜ್ಜಿ."

"ನಮ್ಗೆಲ್ಲ ಯಾರು ತೋರ್ಸಿದ್ರು? ಲವಂಗ ಇಕ್ಕಿವ್ನಿ, ವಾಸಿ ಆಯ್ತದೆ ಬಿಡು."

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಹೇಳಿ ಹೇಳಿ ಗಂಟಲು ನೋವು ಬಂದದ್ದಷ್ಟೇ.

ಜುಲೈ 18, ಶುಕ್ರವಾರ

ಚಂದನ ಬೆಳಗಿನಿಂದ ಎಡಗೆನ್ನೆ ಹಿಡಿದುಕೊಂಡೇ ಕೂತಿದ್ದಳು. ಬಿಸಿಯೂಟವನ್ನೂ ಒಂದೇ ಕಡೆ ಅಗಿಯುತ್ತಾಳೆ. ಎಷ್ಟು ದಿನದಿಂದ ಬಡಕೊಳ್ಳುತ್ತಿದ್ದೇನೆ! ತಲೆ ಕೆಟ್ಟಿತು. ಎಲ್ಲರೆದುರೇ ಅಂದೆ — "ಸೋಮವಾರ ಹಲ್ಲು ಸರಿಮಾಡಿಸಿಕೊಂಡು ಬರದಿದ್ದರೆ ಕ್ಲಾಸಿಗೆ ಸೇರಿಸಲ್ಲ. ಹೋಗಿ ಅಮ್ಮನಿಗೆ ಹೇಳು."

ರೇಗಿದ್ದು ಜಾಸ್ತಿಯಾಯಿತೇನೋ... ಆಗಲಿ. ಹೆದರಿಸದಿದ್ದರೆ ಯಾರು ಕೇಳುತ್ತಾರೆ ಇಲ್ಲಿ?

ಜುಲೈ 21, ಸೋಮವಾರ. ಮಧ್ಯಾಹ್ನ

ಚಂದನ ಎಲ್ಲರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಬಾಯಿ ಅಗಲಿಸಿ ತೋರಿಸಿದಳು. ಹಲ್ಲಿದ್ದ ಜಾಗದಲ್ಲಿ ಹತ್ತಿಯುಂಡೆ.

ಅಮ್ಮನಿಗೆ ರಜೆ ಭಾನುವಾರ ಮಾತ್ರ. ಅವತ್ತು ಹಲ್ಲಿನ ಕ್ಲಿನಿಕ್ಕುಗಳೆಲ್ಲ ಬಾಗಿಲು ಹಾಕಿದ್ದವಂತೆ. ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಹಲ್ಲು ಕೀಳುವವನೊಬ್ಬ ಸಿಕ್ಕಿದನಂತೆ.

"ಮಿಸ್ ಸೇರ್ಸಲ್ವಂತೆ ಅಂದಿದ್ದುಕ್ಕೆ ಅಮ್ಮ ಅತ್ಬುಟ್ಲು ಮಿಸ್. ಅದುಕ್ಕೇ ಕೀಳ್ಸಿದ್ರು. ನಾನು ಅಳ್ಳೇ ಇಲ್ಲ!"

ಹೊಸದು ಬೇಗ ಬರಲೆಂದು ಅಜ್ಜಿ ಆ ಹಲ್ಲನ್ನು ಸಗಣಿಯಲ್ಲಿಟ್ಟು ಮನೆಯ ಮೇಲೆ ಎಸೆದಿದ್ದಾರೆ. ಅಯ್ಯೋ, ಅವರನ್ನು ಬೈಯಲೂ ನನಗೆ ಬಾಯಿಲ್ಲ. ಮಾರ್ಕೆಟ್ಟಿಗೆ ಓಡಿಸಿದವಳು ನಾನೇ.

"ಒಸದು ಯಾವಾಗ ಬತ್ತದೆ ಮಿಸ್? ದಸರಾ ರಜದೊಳ್ಗೆ ಬತ್ತದಾ?"

ಇಡೀ ಕ್ಲಾಸು ನನ್ನ ಮುಖವನ್ನೇ ನೋಡುತ್ತಿತ್ತು. ಬರುತ್ತೆ ಕಣೇ, ಅಂದುಬಿಟ್ಟೆ.

ಸಂಜೆ ಅಜ್ಜಿ ಕರೆದೊಯ್ಯಲು ಬರುತ್ತಾರೆ. ಆ ಹಲ್ಲು ಇನ್ನು ಬರಲ್ಲ ಅಂತ ಮೊದಲು ಅವರಿಗೆ ಹೇಳಲೋ, ಮಗುವಿಗೋ? ಏನಂತ ಹೇಳಲಿ... ಬೆಲ್ಲಾಯಿತು. ಸ್ಟಾಫ್ ರೂಮಿನ ಬಾಗಿಲಲ್ಲಿ ಚಂದನ ನಗುತ್ತಾ ನಿಂತಿದ್ದಾಳೆ.